ಚಕ್ರಕ್ಕೆ ಕೊಟ್ಟ ಕಲ್ಲು

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನವರು ದೂರದೂರಿಗೆ ಹೊರಟರೆ ಡ್ರೈವರ್ ಮುದಕಪ್ಪನನ್ನೇ ಕರೆಯುತ್ತಾರೆ. ಕುಷ್ಟಗಿ ಕಡೆಯವನು. ಊಟಿ, ಮುನ್ನಾರ್, ಕೊಡೈಕೆನಾಲ್, ಅವನು ಗಾಡಿ ಹತ್ತಿಸದ ವ್ಯೂ ಪಾಯಿಂಟ್ ಇಲ್ಲ. ಆದರೆ ಪುಣ್ಯಾತ್ಮ ಒಂದನ್ನೂ ನೋಡಿದವನಲ್ಲ. ನಾವು ಇಳಿದು ಅಂಚಿಗೆ ಓಡುವಾಗ ಅವನು ಗಾಡಿ ತಿರುಗಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಅಲ್ಲೇ ಕಾವಲು ನಿಲ್ಲುತ್ತಾನೆ.

"ಕಲ್ಲು ಕೊಟ್ಟಾಯ್ತಲ್ಲ ಮಾರಾಯ, ಬಾ" ಎಂದರೆ, "ಕಲ್ಲು ನಂಬಬಾರದ್ರಿ ಸರ" ಎನ್ನುತ್ತಾನೆ. ಯಾವುದೋ ಘಾಟಿಯಲ್ಲಿ ಯಾರೂ ಇಲ್ಲದ ಗಾಡಿಯೊಂದು ಕಣ್ಣೆದುರೇ ಹಿಂದಕ್ಕೆ ಜಾರಿ ಪ್ರಪಾತ ಸೇರಿದ್ದನ್ನು ಕಂಡವನು. ಅಂದಿನಿಂದ ಈ ಮೊಂಡತನ. ಹೇಳಿ ಹೇಳಿ ನನಗೆ ಸಾಕಾಗಿತ್ತು.

ಅವನ ಹೆಂಡತಿ ಹನುಮವ್ವ ನಮ್ಮ ಮನೆಗೆ ಜೋಳದ ರೊಟ್ಟಿ ಬಡಿಯಲು ಬರುತ್ತಿದ್ದಳು. "ಗಾಡಿ ಅವರ ಹಿರೇ ಹೆಂಡತಿ ಅಕ್ಕಾರ, ನಾ ಸಣ್ಣಾಕಿ" ಎಂದು ನನ್ನ ಹೆಂಡತಿ ನಿವೇದಿತಾಳ ಮುಂದೆ ನಗುತ್ತಿದ್ದಳು. ಗಂಡ ಓಡಿಸುವ ಗಾಡಿಯಲ್ಲಿ ಅವಳು ಒಮ್ಮೆಯೂ ಕೂತಿರಲಿಲ್ಲ. ನಾವು ಲಡಾಖಿಗೆ ಹೊರಟಾಗ ನಿವೇದಿತಾ, "ಸೀಟು ಖಾಲಿ ಇದೆ, ನೀನೂ ಬಾ" ಎಂದಳು. ಹನುಮವ್ವ ಒಂದು ಚೀಲ ಒಣರೊಟ್ಟಿ ಕಟ್ಟಿಕೊಂಡೇ ಬಂದಳು. "ಅವರ ಬಾಜೂ ನಿಂತು ಒಮ್ಮೆ ಗುಡ್ಡ ನೋಡಬೇಕ್ರಿ ಅಕ್ಕಾರ. ಅಷ್ಟು ಸಾಕು."

ಲೇಹ್ ದಾಟಿ ಒಂದು ಕಡೆ ಡಾಂಬರು ಮುಗಿಯಿತು. ಮರವಿಲ್ಲ, ಹುಲ್ಲಿಲ್ಲ, ಬೂದಿ ಬಣ್ಣದ ಬೋಳು ಬೆಟ್ಟಗಳು. ಒಂದೇ ಗಾಡಿ ಹಿಡಿಸುವ ದಾರಿ, ಚಕ್ರದಡಿ ಜಾರುವ ಜಲ್ಲಿ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಮುದಕಪ್ಪ ತನ್ನೂರ ಕಡೆಯ ದೇವತೆ ಹುಲಿಗೆಮ್ಮನನ್ನು ನೆನೆಯುತ್ತಾ ಫಸ್ಟ್ ಗೇರಿನಲ್ಲೇ ಹತ್ತಿಸಿದ. ನನ್ನ ಜೀವ ಕೈಯಲ್ಲಿತ್ತು. ಮುಂದಿನ ಸೀಟಿನಲ್ಲಿದ್ದ ಹನುಮವ್ವ ಮಾತ್ರ ಹೊರಗೆ ನೋಡದೆ ಗಂಡನ ಕೈಗಳನ್ನೇ ನೋಡುತ್ತಿದ್ದಳು. "ಇವರು ಇಷ್ಟು ಚಲೋ ಗಾಡಿ ಹೊಡೀತಾರಂತ ನನಗ ಗೊತ್ತೇ ಇರಲಿಲ್ರಿ!" ಎಂದಳು. ಮುದಕಪ್ಪ ನಾಚಿಕೊಂಡ.

ಮೇಲೆ ಸಣ್ಣ ಜಾಗ, ಅದೂ ಇಳಿಜಾರು. ಅಂಚಿನಾಚೆ ಕೆಳಗೆ ನೀಲಿ ಸರೋವರ. ಹನುಮವ್ವ ಸೆರಗು ಹೊದ್ದು ಅಂಚಿಗೆ ಹೋಗಿ ನಿಂತು ತಿರುಗಿದಳು.

"ಬರ್ರಿ ಇಲ್ಲಿ!"

"ನೀ ನೋಡು. ಗಾಡಿ ಬಿಟ್ಟು ಹ್ಯಾಂಗ ಬರಲಿ?"

"ಒಂದು ಗಳಿಗಿ ಬರ್ರಿ!"

"ಮುಂದಿನ ಸಲ ಬರ್ತೀನಿ" ಎಂದ, ಬೂಟಿನಿಂದ ಕಲ್ಲನ್ನು ಒತ್ತುತ್ತಾ. ಮುಂದಿನ ಸಲವಂತೆ! ನನಗೆ ಮೈಯೆಲ್ಲ ಉರಿಯಿತು. ಗುಡ್ಡ ಇಳಿಯುವಾಗ ಅವಳು ಕಂಡದ್ದನ್ನು ಹೇಳಲು ಬಾಯಿ ತೆರೆದಳು. "ಸುಮ್ಮನಿರು, ಇಳಿಜಾರೈತಿ" ಎಂದ. ಅವಳು ಕಿಟಕಿಯ ಕಡೆ ತಿರುಗಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದೀಪಾವಳಿಯ ಹೊತ್ತಿಗೆ ಹನುಮವ್ವನಿಗೆ ಡೆಂಗಿ ಬಂತು. ವಾರ ತುಂಬುವುದರೊಳಗೆ ಹೋಗಿಬಿಟ್ಟಳು.

ಮುದಕಪ್ಪ ಮತ್ತೆ ಗಾಡಿ ಹತ್ತಿದ, ಮಾತು ಬಿಟ್ಟ. ಬೇಸಿಗೆಯಲ್ಲಿ ಒಂದು ದಿನ ನಮ್ಮ ಬಾಗಿಲಿಗೆ ಬಂದು ನಿಂತ. ಎಂದೂ ಏನೂ ಕೇಳಿದವನಲ್ಲ. "ಸರ, ಅಲ್ಲಿಗೆ ಇನ್ನೊಮ್ಮೆ ಹೋಗೂಣೇನ್ರಿ? ಏನ್ ನೋಡಿದಳು ಅಂತ ಆಕಿ ಹೇಳಾಕ ಬಂದಳು. ನಾ ಕೇಳಲಿಲ್ಲ."

ಆಫೀಸಿನಲ್ಲಿ ಜಗಳವಾಡಿ ರಜೆ ಹಾಕಿದೆ. ಮುಂದಿನ ಸೀಟಿಗೆ ಹತ್ತಲು ಹೋದ ನನ್ನನ್ನು ನಿವೇದಿತಾ ಹಿಂದಕ್ಕೆ ಎಳೆದಳು. ಆ ಸೀಟು ಲಡಾಖಿನವರೆಗೂ ಖಾಲಿಯೇ ಬಂತು.

ಅದೇ ಜಲ್ಲಿ, ಅದೇ ತಿರುವುಗಳು. ಮೇಲೆ ತಲುಪಿದ ಮೇಲೆ ಮುದಕಪ್ಪ ಎಂದಿನಂತೆ ಗಾಡಿ ತಿರುಗಿಸಿ ಚಕ್ರಕ್ಕೆ ಕಲ್ಲು ಕೊಟ್ಟ. ಬಾನೆಟ್ಟಿನ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತ. ಆಮೇಲೆ ಕೈ ತೆಗೆದ. ಮಗುವನ್ನು ಮಲಗಿಸಿ ಎದ್ದುಬರುವವರ ಹಾಗೆ ಹಿಂದೆ ಹಿಂದೆ ನೋಡುತ್ತಾ ನಡೆದು, ಅವಳು ನಿಂತಿದ್ದ ಜಾಗದಲ್ಲಿ ನಿಂತ.

ಸರೋವರ ನೋಡುತ್ತಾನೆ ಅಂದುಕೊಂಡೆ. ಅವನು ಗಾಡಿಯ ಕಡೆ ತಿರುಗಿದ. ಗಾಡಿ ಕದಲದೆ ನಿಂತಿತ್ತು.

"ನಿಂತೈತಿ ನೋಡ್ರಿ ಸರ" ಎಂದ. "ಅವತ್ತೂ ನಿಂತಿರ್ತಿತ್ತಲ್ರಿ."