ಅಯಸ್ಕಾಂತ ಹಿಡಿದು ಸೈಕಲ್ ಕೊಳ್ಳಲು ಹೋದದ್ದು

ಗೆಳೆಯರೇ, ಇವತ್ತು ರಾಯಚೂರಿನ ಸೈಕಲ್ ಅಂಗಡಿಯಲ್ಲಿ ನಿಂತು "ದಿಸ್ ಈಸ್ ಕ್ಲಿಯರ್‌ಕಟ್ ಚೀಟಿಂಗ್!" ಎಂದು ಕೂಗಿಬಿಟ್ಟೆ. ಕಾಲೇಜಿನ ಇಂಗ್ಲಿಷ್ ನನಗೆ ಸಿಟ್ಟಿನಲ್ಲಿ ಮಾತ್ರ ನೆನಪಾಗುತ್ತದೆ.

ದೇವದುರ್ಗದ ರಸ್ತೆಗಳಲ್ಲಿ ಇಪ್ಪತ್ತು ವರ್ಷ ಓಡಿದ ನನ್ನ ಮುದ್ದಿನ ಸೈಕಲ್‌ನ ಚೌಕಟ್ಟು ಬಿರುಕು ಬಿಟ್ಟಿದೆ. ಅದರ ಬದಲಿಗೆ ಮುಂದಿನ ಚಕ್ರಕ್ಕೆ ಮಾತ್ರ ಶಾಕ್ ಅಬ್ಸಾರ್ಬರ್ ಇರುವ ಹೊಸ ಮೌಂಟನ್ ಬೈಕ್ ಸೈಕಲ್ ಬೇಕಿತ್ತು, ಆದರೆ ಅಪ್ಪಟ ಸ್ಟೀಲಿನದೇ. ಹೆಂಡತಿ ತೀರಿಹೋದ ಮೇಲೆ ನಾನೊಬ್ಬನೇ ಕೊಳ್ಳುವ ಮೊದಲ ದೊಡ್ಡ ಸಾಮಾನು, ಮೋಸ ಹೋಗಬಾರದಲ್ಲ! ಅದಕ್ಕೇ ಜೇಬಿನಲ್ಲಿ ಆಕೆಯ ಅಯಸ್ಕಾಂತ ಇಟ್ಟುಕೊಂಡಿದ್ದೆ. ಪಾತ್ರೆ ಅಂಗಡಿಯಲ್ಲಿ ಆಕೆ ಅದನ್ನು ಹಚ್ಚಿ ನೋಡುತ್ತಿದ್ದಳು. ಅಂಟಿದರೆ ಕಳಪೆ, ಅಂಟದಿದ್ದರೆ ಅಸಲಿ ಸ್ಟೀಲ್.

ಅಂಗಡಿಯ ಮೆಹಬೂಬ ತೋರಿಸಿದ ಸೈಕಲ್‌ಗೆ ಅದು ಟಪ್ಪೆಂದು ಅಂಟಿತು. ನಾನು ಕೂಗಿದ್ದು ಆಗಲೇ. ಪಕ್ಕದ್ದಕ್ಕೆ ಅಂಟಲಿಲ್ಲ.

"ಇದು ಅಸಲಿ, ಇದನ್ನ ಕೊಡು" ಎಂದೆ.

"ಕಾಕಾ, ಅದು ಅಲ್ಯೂಮಿನಿಯಂ ಅದರೀ!"

"ಸುಳ್ಳು ಹೇಳಬ್ಯಾಡಲೇ. ನಮ್ಮಾಕಿ ನಲವತ್ತು ವರ್ಷ ಹಿಂಗ ಚೆಕ್ ಮಾಡ್ಯಾಳ."

"ಕಾಕು ಚೆಕ್ ಮಾಡಿದ್ದು ಕೊಡ, ತಂಬಗಿರೀ. ನೀವೇನು ತಂಬಗಿ ಮ್ಯಾಲ ಕುಂತು ದೇವದುರ್ಗಕ್ಕ ಹೊಂಟೀರೇನು? ಸೈಕಲ್ಲಿನ ಸ್ಟೀಲ್ ಬ್ಯಾರೇನ ಇರ್ತದ. ಅದಕ್ಕ ಅಯಸ್ಕಾಂತ ಅಂಟಬೇಕು!"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಂಟಿದ್ದನ್ನೇ ಕೊಂಡು, ಅಯಸ್ಕಾಂತವನ್ನು ಮತ್ತೆ ಅದಕ್ಕೇ ಅಂಟಿಸಿ ಮನೆಗೆ ಬಂದೆ.

ಅಯಸ್ಕಾಂತವನ್ನು ಸೈಕಲ್‌ನಿಂದ ಇನ್ನೂ ಕಿತ್ತಿಲ್ಲ. ಹಳೆಯದರ ಕ್ಯಾರಿಯರ್ ಮೇಲೆ ಕೂತು ಆಕೆ ದಾರಿಯುದ್ದಕ್ಕೂ ಗೊಣಗುತ್ತಿದ್ದಳು. ಹೊಸದಕ್ಕೆ ಕ್ಯಾರಿಯರ್ರೇ ಇಲ್ಲ. ಇನ್ನು ಹೀಗೇ ಅಂಟಿಕೊಂಡು ಬರಲಿ.