ಹುರುಳಿ ಸೊಪ್ಪಿನೊಳಗಿನ ಮುಳ್ಳು

ಮಗಳಿಗೆ ಹೆಣ್ಣು ಮಗುವಾಯಿತೆಂದು ಬೆಳಗಿನ ಜಾವ ತಿ. ನರಸೀಪುರದ ಆಸ್ಪತ್ರೆಯಿಂದ ಅಳಿಯ ಫೋನು ಮಾಡಿದ. ನನಗೆ ಮೊದಲ ಮೊಮ್ಮಗಳು! ಕೈಯಲ್ಲಿದ್ದ ಹಾಲಿನ ಚೊಂಬನ್ನು ಎಲ್ಲಿಟ್ಟೆನೋ ಇವತ್ತಿಗೂ ನೆನಪಿಲ್ಲ. ವಾರ್ಡಿನ ಬಾಗಿಲು ಹನ್ನೆರಡಕ್ಕೆ ಹಾಕಿದರೆ ಮತ್ತೆ ತೆಗೆಯುವುದು ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಮಗುವನ್ನು ನನ್ನ ಹಳೇ ಸೀರೆಯಲ್ಲಿ ಸುತ್ತಬೇಕಿತ್ತು. ನಮ್ಮಲ್ಲಿ ಹಸುಗೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ, ಅಜ್ಜಿ ಉಟ್ಟು ಉಟ್ಟು ಮೆತ್ತಗಾದದ್ದೇ ಆಗಬೇಕು.

ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಯಜಮಾನರ ಬೈಕು ಹತ್ತಿದೆ. ನಂಜನಗೂಡು ಬಿಟ್ಟು ಅರ್ಧ ದಾರಿ ಬಂದಾಗ ರಸ್ತೆಯ ತುಂಬ ಹುರುಳಿ ಹರಡಿದ್ದರು, ಗಾಡಿಗಳು ತುಳಿದು ಕಾಳು ಉದುರಲಿ ಅಂತ. ಅದರ ಮೇಲೆ ಹತ್ತಿ ಇಳಿದೆವು, ಅಷ್ಟೇ. ಹಿಂದಿನ ಚಕ್ರ ಓಲಾಡಿತು. ಇಳಿದು ನೋಡಿದರೆ ಬೆರಳುದ್ದದ ಜಾಲಿ ಮುಳ್ಳು! ಆಡು ಬಾಯಿ ಹಾಕದಿರಲೆಂದು ಅಂಚಿಗಿಟ್ಟ ಕೊಂಬೆ ಸೊಪ್ಪಿನೊಳಗೆ ಸೇರಿಕೊಂಡಿತ್ತು.

ಗಂಟೆ ಹನ್ನೊಂದು. ಪಂಕ್ಚರ್ ಅಂಗಡಿ ಇನ್ನೂ ಎರಡು ಮೈಲಿ ಮುಂದೆ. ಬದಿಯಲ್ಲಿ ಮೊರ ಹಿಡಿದು ತೂರುತ್ತಿದ್ದ ಹೆಂಗಸಿನ ಮೇಲೆ ಹರಿಹಾಯ್ದೆ.

"ಯಾಕವ್ವ, ರಸ್ತೆ ಏನು ನಿನ್ ಕಣವಾ? ಓಗೋರು ಬರೋರು ಬಿದ್ದು ಸಾಯ್ಲಾ?"

ಅವಳು ಮೊರವನ್ನೂ ಇಳಿಸಲಿಲ್ಲ. "ನಿಮ್ಮೂರಲ್ಲಿ ಉರ್ಳಿ ಎಲ್ ತುಳಿಸ್ತೀರಕ್ಕ?"

ಹೋದ ಸುಗ್ಗಿಯಲ್ಲಿ ನಮ್ಮೂರ ಟಾರು ರಸ್ತೆಯಲ್ಲಿ ಹುರುಳಿ ಹರಡಿ, ಬೈಕಿನವನೊಬ್ಬನನ್ನು "ಸುತ್ತಾಕೊಂಡು ಓಗಯ್ಯ" ಎಂದು ಗದರಿದವಳು ನಾನೇ.

ಯಜಮಾನರು ಕಿಸಕ್ಕನೆ ನಕ್ಕರು. "ಏಳಮ್ಮಿ, ಎಲ್ ತುಳಿಸ್ತೀವಿ ನಾವು?"

"ನೀವು ಸುಮ್ನೆ ಗಾಡಿ ತಳ್ಳಿ. ಟೈರು ಸವ್ದದೆ, ಬದ್ಲಾಯ್ಸಿ ಅಂತ ಎಷ್ಟ್ ಸಲ ಬಡ್ಕೊಂಡೆ!"

"ಒಸಾ ಟೈರಾಗಿದ್ರೆ ಮುಳ್ಳು ಕೈಮುಗ್ದು ಪಕ್ಕಕ್ಕೋಯ್ತಿತ್ತಾ?"

ಸಿಟ್ಟಿಗೆ ಅಳುವೇ ಬಂತು. ಗಂಟು ಬಿಚ್ಚಿಕೊಂಡು ಸೀರೆ ಸೊಪ್ಪಿನ ಮೇಲೆ ಬಿತ್ತು. ಅದನ್ನು ನೋಡಿ ಆ ಹೆಂಗಸು, "ಬಾಣಂತಿ ನೋಡಕ್ಕೆ ಓಯ್ತಾ ಇದ್ದೀಯಾ?" ಎಂದಳು. ಮೊಮ್ಮಗಳು ಹುಟ್ಟಿದ್ದಾಳೆ, ಹನ್ನೆರಡಕ್ಕೆ ಆಸ್ಪತ್ರೆ ಬಾಗಿಲು ಹಾಕುತ್ತಾರೆ ಎಂದೆ. ಅವಳು ಮೊರ ಬಿಸಾಡಿ ರಸ್ತೆ ಮಧ್ಯೆ ನಿಂತು, ಎಲೆಕೋಸು ತುಂಬಿಕೊಂಡು ಬರುತ್ತಿದ್ದ ಲಗೇಜ್ ಆಟೋವನ್ನು ತಡೆದೇಬಿಟ್ಟಳು.

"ಈ ಅಜ್ಜೀನ ಆಸ್ಪತ್ರೆ ಮುಂದೆ ಇಳ್ಸಪ್ಪ, ಪುಣ್ಯ ಬತ್ತದೆ."

ಇದ್ದದ್ದು ಒಬ್ಬರ ಜಾಗ. ಬೈಕು ತಳ್ಳುತ್ತಿದ್ದ ಯಜಮಾನರನ್ನು ನಾನು ತಿರುಗಿಯೂ ನೋಡಲಿಲ್ಲ.

ವಾರ್ಡಿಗೆ ಕಾಲಿಟ್ಟಾಗ ನರ್ಸಮ್ಮ ಬಾಗಿಲು ಎಳೆಯುತ್ತಿದ್ದಳು. "ಐದೇ ನಿಮಿಷ ಅಜ್ಜಿ." ಸೀರೆ ಕೊಡವಿದೆ. ಹುರುಳಿ ಹೊಟ್ಟು ನೆಲದ ತುಂಬ ಉದುರಿ, ಕಸ ಗುಡಿಸುವ ಆಯಮ್ಮನಿಂದಲೂ ಬೈಸಿಕೊಂಡೆ. ಮುಳ್ಳೇನಾದರೂ ಉಳಿದಿದ್ದರೆ? ಗೇಣುಗೇಣೂ ಕೈಯಾಡಿಸಿ ನೋಡುವುದಕ್ಕೇ ಮೂರು ನಿಮಿಷ ಹೋಯಿತು. ಉಳಿದೆರಡು ನಿಮಿಷ ನನ್ನ ಕಂದ ನನ್ನ ಸೀರೆಯಲ್ಲಿ, ನನ್ನ ಕೈಯಲ್ಲಿ. ಅಯ್ಯೋ, ಬೆಣ್ಣೆಯ ಮುದ್ದೆ! ಇನ್ನೇನು ಬೇಕು ನನಗೆ?

ಯಜಮಾನರು ಕೈಯೆಲ್ಲ ಮಸಿ ಮಾಡಿಕೊಂಡು ಬಂದಾಗ ಒಂದು ಗಂಟೆ. ನಾಲ್ಕರವರೆಗೂ ಹೊರಗಿನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ಚಡಪಡಿಸಿದರು.

"ಯಾರಂಗದೆ ಅಮ್ಮಿ ಮಗು? ಮೂಗು ನಂದೇನಾ?"

"ಟೈರು ಬದ್ಲಾಯ್ಸಿ ಬನ್ನಿ, ಯಾರ್ ಮೂಗು ಅಂತ ಏಳ್ತೀನಿ."