ಡೆಸ್ಮಂಡ್ ಕಪ್ತಾನರ ತಪಾಸಣೆ

ಚಳಿಗಾಲ ಕಳೆದು ಸೆಪ್ಟೆಂಬರಿನ ಬಿಸಿಲು ತುಸು ಬೆಚ್ಚಗಾಯಿತೆಂದರೆ ಆಸ್ಟ್ರೇಲಿಯಾದ ಬೆಂಡಿಗೋ ಊರಿನ ಡೆಸ್ಮಂಡ್, ಊರೂರು ಸುತ್ತುವ ತಮ್ಮ ಮನೆಗಾಡಿ ಮೋಟರ್‌ಹೋಮಿಗೆ ಕಪ್ತಾನರಾಗಿಬಿಡುತ್ತಾರೆ. ಟೈರಿಗೆ ಒದೆಯುತ್ತಾರೆ, ನೀರಿನ ಟ್ಯಾಂಕಿಗೆ ಕಿವಿಗೊಡುತ್ತಾರೆ, ಗ್ಯಾಸಿನ ಪೈಪಿಗೆ ಸೋಪಿನ ನೊರೆ ಸವರಿ ಒಂದು ಗುಳ್ಳೆ ಎದ್ದರೂ ಕಳ್ಳ ಸಿಕ್ಕಿಬಿದ್ದಂತೆ ಹಿಗ್ಗುತ್ತಾರೆ. ಬೇಲಿಯಾಚೆಯಿಂದ ನೆರೆಯ ಕೆವ್, "ಹೋದ್ಸಲ ಆಂಟೆನಾ ಇಳಿಸ್ದೆ ಹೊರಟು ನೀಲಗಿರಿ ಮರಕ್ಕೆ ನೇತುಹಾಕಿ ಬಂದ್ಯಲ್ಲೋ, ಈ ಸಲ ಏನು ಬಿಟ್ಟು ಬರ್ತೀಯ?" ಎಂದು ಕೆಣಕಿದರೆ, "ಅದು ಲೊರೇನ್ ಕೆಲಸ ಕಣೋ, ಕಪ್ತಾನಂದಲ್ಲ!" ಎಂದು ತಪ್ಪನ್ನು ಹೆಂಡತಿಯ ತಲೆಗೆ ಕಟ್ಟುತ್ತಾರೆ. ಇನ್ನುಮುಂದೆ ಗಾಡಿ ಓಡಿಸಕೂಡದೆಂದು ಈ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಅವರಿಗೆ ಹೇಳಿದ್ದು ಮಾತ್ರ ಬೇಲಿ ದಾಟಿಲ್ಲ. ಈ ಸಲ ತಪಾಸಣೆಯ ಪಟ್ಟಿಯ ಕೊನೆಯ ಕೆಲಸವೆಂಬಂತೆ ಅವರು ಚಾಲಕನ ಸೀಟನ್ನು ಗಿಡ್ಡ ಲೊರೇನಳ ಕಾಲು ಪೆಡಲಿಗೆ ಎಟಕುವಷ್ಟು ಮುಂದಕ್ಕೆಳೆದು, ಮೇಲೊಂದು ದಿಂಬಿಟ್ಟು, "ಈ ಸೀಟು ನಂಗೆ ಯಾವತ್ತೂ ಸರಿಹೋಗ್ಲೇ ಇಲ್ಲ ಕಣೇ, ನೀನೇ ಕೂತು ನೋಡು" ಎನ್ನುತ್ತಾರೆ.